ಕೊಂಬೈ ನಾಯಿಮರಿ ತರುವ ಮುನ್ನ ಅದರ ತಾಯಿಯನ್ನು ನೋಡಿ



ನಮ್ಮ ಕಂಬಂ ಕಣಿವೆಯಲ್ಲಿ ಯಾವ ರೈತನೂ ದ್ರಾಕ್ಷಿ ಕಡ್ಡಿಯನ್ನು ದಾರಿಯಲ್ಲಿ ಸಿಕ್ಕವರಿಂದ ತಂದು ನೆಡುವುದಿಲ್ಲ. ಯಾರ ತೋಟದ ಕಡ್ಡಿ, ಬಳ್ಳಿಗೆ ಎಷ್ಟು ವರ್ಷ, ಕಳೆದ ಫಸಲು ಹೇಗಿತ್ತು, ರೋಗ ಬಿದ್ದಿತ್ತೇ ಎಂದು ಕೇಳಿ, ಸಾಧ್ಯವಾದರೆ ಆ ತೋಟವನ್ನೇ ಕಣ್ಣಾರೆ ನೋಡಿ ಬರುತ್ತಾನೆ. ನಮ್ಮ ಪನ್ನೀರ್ ದ್ರಾಕ್ಷಿಯನ್ನು ೧೮೩೨ರಲ್ಲಿ ಒಬ್ಬ ಫ್ರೆಂಚ್ ಗುರುಗಳು ತಮಿಳುನಾಡಿಗೆ ತಂದರು ಎನ್ನುತ್ತಾರೆ. ಅಂದಿನಿಂದ ಕಡ್ಡಿಯಿಂದ ಕಡ್ಡಿಗೆ, ಕೈಯಿಂದ ಕೈಗೆ ದಾಟಿ ಬಂದು ೨೦೨೩ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬಾಳೆಕಂದು ತರುವಾಗಲೂ ಹಾಗೆಯೇ, ಹಸು ಕೊಳ್ಳುವಾಗಲೂ ಹಾಗೆಯೇ. ಹಸುವಿನ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಎರಡು ಹೊತ್ತು ಹಾಲು ಕರೆಸಿ ನೋಡದೆ ಯಾರೂ ಹಗ್ಗ ಹಿಡಿಯುವುದಿಲ್ಲ.

ಇಷ್ಟೆಲ್ಲ ತಿಳಿದ ನಾವು ನಾಯಿಮರಿ ತರುವಾಗ ಮಾತ್ರ ಈ ಬುದ್ಧಿಯನ್ನೆಲ್ಲ ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ನನಗೆ ಪರಿಚಯವಿರುವ ಒಂದು ತೋಟದ ಮನೆಯವರು ಕಾವಲಿಗೆಂದು ಕೊಂಬೈ ಮರಿ ತರಲು ಬಯಸಿದರು. ವಾರದ ಸಂತೆಯ ಬದಿಯಲ್ಲಿ ಒಬ್ಬ ವ್ಯಾಪಾರಿ ಬುಟ್ಟಿಯಲ್ಲಿ ಐದಾರು ಮರಿಗಳನ್ನು ಇಟ್ಟುಕೊಂಡಿದ್ದ. ಕೆಂಪು ಮೈ, ಕಪ್ಪು ಮೂತಿ, ನೋಡಲು ಮುದ್ದಾಗಿದ್ದವು. ನಲವತ್ತು ದಿನದ ಮರಿ ಎಂದ. ತಾಯಿ ಎಲ್ಲಿದೆ ಎಂದರೆ ‘ಊರಲ್ಲಿದೆ’ ಎಂದ. ಯಾವ ಊರು ಎಂದು ಇವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಭಾನುವಾರ ತಂದ ಮರಿ ಗುರುವಾರ ಅನ್ನ ಬಿಟ್ಟಿತು. ಶುಕ್ರವಾರ ವಾಂತಿ, ಆಮೇಲೆ ರಕ್ತಭೇದಿ. ಶನಿವಾರ ರಾತ್ರಿ ಸತ್ತಿತು. ಮಕ್ಕಳು ಅತ್ತದ್ದನ್ನು ನೋಡಲಾರದೆ ತಂದೆ ಮೂರು ವಾರದಲ್ಲಿ ಇನ್ನೊಂದು ಮರಿ ತಂದರು. ಈ ಸಲ ಒಳ್ಳೆಯ ಮನೆಯಿಂದಲೇ ತಂದಿದ್ದರು. ಆದರೆ ಅದಕ್ಕೆ ಲಸಿಕೆ ಪೂರ್ತಿ ಆಗಿರಲಿಲ್ಲ. ಅದೂ ಅದೇ ರೀತಿ ಹೋಯಿತು.

ಎರಡನೆಯ ಮರಿಯನ್ನು ಕೊಂದದ್ದು ಮೊದಲನೆಯ ಮರಿ ಬಿಟ್ಟುಹೋದ ರೋಗ. ಇದಕ್ಕೆ ಪಾರ್ವೋ ಎನ್ನುತ್ತಾರೆ. ನಾಯಿಯ ಮಲದಲ್ಲಿ ಹೊರಬೀಳುವ ಈ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ತಂಪು ಇದ್ದ ಕಡೆ ವರ್ಷದವರೆಗೂ ಉಳಿಯಬಲ್ಲದು. ಸಿಮೆಂಟು ನೆಲವಾದರೆ ಚೆನ್ನಾಗಿ ಉಜ್ಜಿ ತೊಳೆದ ಮೇಲೆ ಬ್ಲೀಚಿಂಗ್ ಪುಡಿಯ ನೀರು ಹಾಕಿ ಕೊಲ್ಲಬಹುದು. ನಮ್ಮ ಅಂಗಳಗಳು ಮಣ್ಣಿನವು, ಅಲ್ಲಿ ಅದು ಅಷ್ಟು ಸುಲಭವಲ್ಲ. ಇನ್ನೊಂದು ಸಂಗತಿ. ಈ ರೋಗ ಮರಿಯ ಒಳಗೆ ಸೇರಿದ ಮೇಲೆ ಹೊರಗೆ ಕಾಣಿಸಿಕೊಳ್ಳಲು ಮೂರರಿಂದ ಏಳು ದಿನ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಅಂದರೆ ಬುಟ್ಟಿಯಲ್ಲಿ ಕುಣಿಯುತ್ತಿದ್ದ ಮರಿಯ ಹೊಟ್ಟೆಯಲ್ಲಿ ಆಗಲೇ ಸಾವು ಕುಳಿತಿರಬಹುದು. ಆದ್ದರಿಂದ ಮರಿಯನ್ನು ಮಾತ್ರ ನೋಡಿ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಅದು ಹುಟ್ಟಿದ ಮನೆಯನ್ನು.

ಕೊಂಬೈ ನಾಯಿಯ ಬಗ್ಗೆ ನಮ್ಮ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ. ತೇನಿ ಜಿಲ್ಲೆಯ ಉತ್ತಮಪಾಳಯಂ ತಾಲ್ಲೂಕಿನಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿರುವ ಕೊಂಬೈ ಊರಿನ ಹೆಸರೇ ಆ ತಳಿಯ ಹೆಸರು. ಗಿಡ್ಡ ಕೂದಲು, ಕೆಂಪು ಅಥವಾ ಕಂದು ಮೈ, ಕಪ್ಪು ಮೂತಿ, ಅಗಲವಾದ ಎದೆ, ಬಲವಾದ ದವಡೆ. ಪಾಳೆಯಗಾರರ ಕಾಲದಲ್ಲಿ ಕಾಡುಹಂದಿ ಬೇಟೆಗೂ ಮನೆ, ದೊಡ್ಡಿ ಕಾವಲಿಗೂ ಇದನ್ನು ಸಾಕುತ್ತಿದ್ದರು. ಮನೆಯವರಿಗೆ ಪ್ರಾಣ ಕೊಡುವ, ಹೊರಗಿನವರನ್ನು ಸುಲಭವಾಗಿ ಹತ್ತಿರ ಸೇರಿಸದ ಸ್ವಭಾವ. ಬೆಟ್ಟದ ಅಂಚಿನ ತೋಟಗಳಲ್ಲಿ, ಏಲಕ್ಕಿ ಒಣಗಿಸುವ ಕಡೆ, ಕುರಿ ದೊಡ್ಡಿಗಳಲ್ಲಿ ಇಂಥ ನಾಯಿಗೆ ಇಂದಿಗೂ ಬೆಲೆಯಿದೆ.

ಹಿಂದೆ ಇವುಗಳನ್ನು ಮಾರುವ ರೂಢಿ ಕಡಿಮೆಯಿತ್ತು. ಗೊತ್ತಿದ್ದವರಿಗೆ, ಬೀಗರಿಗೆ, ಚೆನ್ನಾಗಿ ಸಾಕುತ್ತಾರೆ ಎಂಬ ನಂಬಿಕೆ ಇದ್ದವರಿಗೆ ಮರಿ ಕೊಡುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಕೊಟ್ಟವರೂ ತೆಗೆದುಕೊಂಡವರೂ ಒಬ್ಬರಿಗೊಬ್ಬರು ಗೊತ್ತಿದ್ದುದರಿಂದ ಮೋಸಕ್ಕೆ ಜಾಗವಿರಲಿಲ್ಲ. ೨೦೧೭ರ ಜಲ್ಲಿಕಟ್ಟು ಚಳವಳಿಯ ನಂತರ ನಾಡತಳಿಗಳ ಮೇಲೆ ಯುವಕರ ಅಭಿಮಾನ ಹೆಚ್ಚಿತು. ೨೦೨೦ರ ಆಗಸ್ಟ್ ೩೦ರಂದು ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಮುಧೋಳ, ರಾಜಪಾಳಯಂ, ಕನ್ನಿ, ಚಿಪ್ಪಿಪಾರೈ ನಾಯಿಗಳ ಜೊತೆ ಕೊಂಬೈ ಹೆಸರನ್ನೂ ಹೇಳಿದರು. ಇದೆಲ್ಲ ಒಳ್ಳೆಯದೇ. ಅಳಿದುಹೋಗುತ್ತಿದ್ದ ತಳಿಗೆ ಜೀವ ಬಂದಿತು. ಆದರೆ ಬೇಡಿಕೆ ಏರಿದ ಕಡೆಗೆ ದಲ್ಲಾಳಿಯೂ ಬರುತ್ತಾನೆ. ಊರ ನಾಯಿಯ ಕೆಂಪು ಮರಿಗೆ ಕೊಂಬೈ ಎಂದು ಹೆಸರಿಟ್ಟು ಮಾರುವುದು, ಒಂದೇ ಹೆಣ್ಣುನಾಯಿಯಿಂದ ಬೆದೆ ಬಂದಾಗಲೆಲ್ಲ ಬಿಡದೆ ಮರಿ ತೆಗೆಸುವುದು, ಮೂವತ್ತು ದಿನಕ್ಕೇ ತಾಯಿಯಿಂದ ಕಿತ್ತು ಬುಟ್ಟಿಗೆ ಹಾಕುವುದು ಆರಂಭವಾಯಿತು. ಕರ್ನಾಟಕದ ಮುಧೋಳದಲ್ಲಿಯೂ ಇದೇ ಸಮಸ್ಯೆ ಬಂದಿತ್ತು. ಅಲ್ಲಿ ತಿಮ್ಮಾಪುರ ಎಂಬಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಒಂದು ಶ್ವಾನ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ರೈತರ ಮನೆಗಳಲ್ಲಿ ಸಾಕಿದ ಶುದ್ಧ ತಳಿಯ ಬಗ್ಗೆ ಅಲ್ಲಿ ಮಾಹಿತಿ ಸಿಗುತ್ತದೆ. ಕೊಂಬೈಯ ವಿಷಯದಲ್ಲಿ ಕೊಳ್ಳುವವರ ಎಚ್ಚರಿಕೆಯೇ ಮುಖ್ಯ.

ಸರ್ಕಾರ ನಡೆಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. ಚೆನ್ನೈನ ಸೈದಾಪೇಟೆಯಲ್ಲಿ ತಮಿಳುನಾಡು ಸರ್ಕಾರದ್ದೇ ಒಂದು ನಾಯಿತಳಿ ಘಟಕವಿತ್ತು. ರಾಜಪಾಳಯಂ, ಕೊಂಬೈ, ಚಿಪ್ಪಿಪಾರೈಗಳನ್ನು ಉಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಅದನ್ನು ಆರಂಭಿಸಿದ್ದರು. ಅಲ್ಲಿನ ನಾಯಿಗಳ ಸ್ಥಿತಿಯ ಬಗ್ಗೆ ದೂರು ಹೋಗಿ, ೨೦೧೬ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅದನ್ನು ಮುಚ್ಚಲು ಆದೇಶಿಸಿತು. ಬೋರ್ಡು ಯಾರದ್ದು ಎಂಬುದಕ್ಕಿಂತ ಗೂಡಿನ ಒಳಗೆ ಏನಿದೆ ಎಂಬುದು ಮುಖ್ಯ.

ಹಾಗಾದರೆ ಹೋದಾಗ ಏನು ನೋಡಬೇಕು?

ಮೊದಲು ತಾಯಿ. ತಾಯಿಯನ್ನು ತೋರಿಸದ ಮನೆಯಿಂದ ಮರಿ ತರಲೇಬೇಡಿ. ‘ತೋಟದಲ್ಲಿದೆ’, ‘ಅಣ್ಣನ ಮನೆಯಲ್ಲಿದೆ’, ‘ಕಚ್ಚುತ್ತದೆ’ ಎಂಬ ನೆಪಗಳನ್ನು ಕೇಳಿದರೆ ನಮಸ್ಕಾರ ಹೇಳಿ ಬಸ್ಸು ಹತ್ತಿ. ತಾಯಿ ಎಂದು ತೋರಿಸಿದ ನಾಯಿಯ ಮೊಲೆಗಳನ್ನು ಗಮನಿಸಿ. ಹಾಲೂಡಿಸುವ ತಾಯಿಯ ಮೊಲೆ ಇಳಿದಿರುತ್ತದೆ, ಮರಿಗಳು ಅದರ ಹತ್ತಿರ ಓಡುತ್ತವೆ. ಯಾವುದೋ ಚೆಂದದ ಹೆಣ್ಣುನಾಯಿಯನ್ನು ಕಟ್ಟಿ ಇದೇ ತಾಯಿ ಎಂದು ತೋರಿಸುವವರೂ ಇದ್ದಾರೆ. ಮರಿ ಹಾಕಿದ ತಾಯಿ ಸ್ವಲ್ಪ ಬಡಕಲಾಗುವುದು ಸಹಜ, ಆದರೆ ಪಕ್ಕೆಲುಬು ಎಣಿಸುವ ಹಾಗಿದ್ದರೆ, ಮೈಮೇಲೆ ಕಜ್ಜಿ ಇದ್ದರೆ, ಕಿವಿಯೊಳಗೆ ಉಣ್ಣೆ ತುಂಬಿದ್ದರೆ ಆ ಮನೆಯವರು ತಾಯಿಗೇ ಏನೂ ಮಾಡಿಲ್ಲ, ಮರಿಗೇನು ಮಾಡಿರುತ್ತಾರೆ?

ತಾಯಿಯ ಸ್ವಭಾವವನ್ನೂ ನೋಡಬೇಕು. ಕೊಂಬೈ ನಾಯಿ ಅಪರಿಚಿತರನ್ನು ಕಂಡು ಬೊಗಳುವುದು ಸರಿ. ಆದರೆ ಯಜಮಾನ ‘ಸುಮ್ಮನಿರು’ ಎಂದ ಮೇಲೆ ಸುಮ್ಮನಾಗಬೇಕು. ಯಜಮಾನನ ಮಾತಿಗೂ ಬಗ್ಗದ, ಅಥವಾ ಅವನನ್ನು ಕಂಡೇ ಬಾಲ ಮುದುರಿ ನಡುಗುವ ತಾಯಿಯ ಮರಿಯನ್ನು ಚಿಕ್ಕ ಮಕ್ಕಳಿರುವ ಮನೆಗೆ ತರುವುದು ಬೇಡ. ಅಂಜುಬುರುಕುತನವೂ ಸಿಡುಕುತನವೂ ಸ್ವಲ್ಪ ರಕ್ತದಲ್ಲಿ ಬರುತ್ತವೆ, ಉಳಿದದ್ದನ್ನು ಮರಿ ತಾಯಿಯನ್ನು ನೋಡಿಯೇ ಕಲಿಯುತ್ತದೆ.

ತಂದೆ ನಾಯಿ ಆ ಮನೆಯಲ್ಲಿ ಇರಬೇಕೆಂದಿಲ್ಲ. ನಿಜ ಹೇಳಬೇಕೆಂದರೆ ಬೇರೆ ಊರಿನದಾಗಿದ್ದರೆ ಇನ್ನೂ ಒಳ್ಳೆಯದು. ಯಾವ ನಾಯಿಯಿಂದ ಕೂಡಿಸಿದಿರಿ, ಅದಕ್ಕೂ ಈ ತಾಯಿಗೂ ಏನು ಸಂಬಂಧ ಎಂದು ಕೇಳಿ. ಅಣ್ಣ ತಂಗಿ, ತಾಯಿ ಮಗ ಎಂದು ನೋಡದೆ ಕೂಡಿಸಿಕೊಂಡು ಹೋದರೆ ಮೂರು ನಾಲ್ಕು ತಲೆಮಾರಿನಲ್ಲಿ ಮರಿಗಳು ಕಡಿಮೆಯಾಗುತ್ತವೆ, ಬಲ ಕುಗ್ಗುತ್ತದೆ, ಸೀಳು ಅಂಗುಳು, ಇಳಿಯದ ಬೀಜ ಮುಂತಾದ ದೋಷಗಳು ಹೆಚ್ಚಾಗುತ್ತವೆ. ‘ರಕ್ತ ಕೆಡಬಾರದು ಎಂದು ಮನೆಯೊಳಗೇ ಕೂಡಿಸುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ರಕ್ತ ಕೆಡುವುದೇ ಹಾಗೆ. ಮಲೆಮಾಡುಗಳ ಮಂದೆ ಸಾಕುವವರನ್ನು ಕೇಳಿ ನೋಡಿ, ಹೋರಿಯನ್ನು ಬದಲಿಸದೆ ಮಂದೆ ಉಳಿಯುವುದಿಲ್ಲ ಎಂಬುದು ಅವರಿಗೆ ಅಜ್ಜಂದಿರ ಕಾಲದಿಂದ ಗೊತ್ತು.

ಬಣ್ಣದ ಹುಚ್ಚಿನಿಂದ ಏನಾಗುತ್ತದೆ ಎಂಬುದಕ್ಕೆ ನೆರೆಯ ರಾಜಪಾಳಯಂ ನಾಯಿಯೇ ಸಾಕ್ಷಿ. ವಿರುದುನಗರ ಜಿಲ್ಲೆಯ ಆ ನಾಯಿ ೨೦೦೫ರಲ್ಲಿ ಅಂಚೆಚೀಟಿಯ ಮೇಲೂ ಬಂದಿತು. ಅಪ್ಪಟ ಬಿಳಿ ಮೈ, ಗುಲಾಬಿ ಮೂಗು ಇರಬೇಕು ಎಂದು ಎಲ್ಲರೂ ಅಂಥವನ್ನೇ ಆರಿಸಿ ಆರಿಸಿ ಕೂಡಿಸಿದರು. ಅಪ್ಪಟ ಬಿಳಿ ಬಣ್ಣ ತರುವ ಗುಣದ ಜೊತೆಯಲ್ಲೇ ಕಿವುಡುತನವೂ ಬರುವುದುಂಟು. ಇದರಿಂದ ಆ ತಳಿಯಲ್ಲಿ ಕಿವುಡು ಮರಿಗಳು ಕಾಣಿಸುತ್ತವೆ. ಕಾವಲಿಗೆ ಕಿವುಡು ನಾಯಿ ತಂದರೆ ಏನು ಪ್ರಯೋಜನ? ರಾಜಪಾಳಯಂ ಮರಿ ಬೇಕೆನ್ನುವವರು ಮರಿಯನ್ನು ಉಳಿದವುಗಳಿಂದ ಬೇರೆ ಮಾಡಿ, ಅದರ ಹಿಂದೆ ನಿಂತು, ಅದಕ್ಕೆ ಕಾಣದಂತೆ ಕೀಲಿಕೈ ಗೊಂಚಲನ್ನು ಅಲ್ಲಾಡಿಸಿ ನೋಡಬೇಕು. ಗುಂಪಿನಲ್ಲಿದ್ದಾಗ ಪರೀಕ್ಷಿಸಿದರೆ ಕಿವುಡು ಮರಿಯೂ ಇತರ ಮರಿಗಳನ್ನು ನೋಡಿ ತಿರುಗುತ್ತದೆ. ಕೈ ತಟ್ಟಿದರೆ ಗಾಳಿ ಬಡಿದು ತಿರುಗುವುದೂ ಉಂಟು.

ಎರಡನೆಯದು ವಯಸ್ಸು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಕೇಂದ್ರ ಸರ್ಕಾರ ೨೦೧೭ರಲ್ಲಿ ನಾಯಿತಳಿ ಮತ್ತು ಮಾರಾಟದ ಬಗ್ಗೆ ಹೊರಡಿಸಿದ ನಿಯಮಗಳೂ ಇದನ್ನೇ ಹೇಳುತ್ತವೆ. ಮರಿ ಮಾರುವುದನ್ನು ವೃತ್ತಿಯಾಗಿ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ ಅದರಲ್ಲಿದೆ. ಕಾನೂನಿನ ಮಾತು ಹಾಗಿರಲಿ, ಕಾರಣ ತಿಳಿದರೆ ನಾವೇ ಆತುರಪಡುವುದಿಲ್ಲ. ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ, ತಾಯಿ ಗದರುತ್ತದೆ. ಹೀಗೆ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಆಗಲೇ. ಮೂವತ್ತು ದಿನಕ್ಕೆ ತಂದ ಮರಿಗೆ ಈ ಪಾಠ ಆಗಿರುವುದಿಲ್ಲ, ಅದು ನಿಮ್ಮ ಮಗುವಿನ ಕೈಮೇಲೆ ಅದನ್ನು ಕಲಿಯುತ್ತದೆ. ‘ಚಿಕ್ಕದರಲ್ಲೇ ತಂದರೆ ಹೊಂದಿಕೊಳ್ಳುತ್ತದೆ’ ಎಂಬ ನಮ್ಮ ಊರ ಮಾತು ನಾಯಿಯ ವಿಷಯದಲ್ಲಿ ಸರಿಯಲ್ಲ.

ಮೂರನೆಯದು ಔಷಧಿ, ಲಸಿಕೆಗಳ ಚೀಟಿ. ಜಂತುಹುಳ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟುತ್ತದೆ. ಆದ್ದರಿಂದ ಎರಡು ವಾರದಿಂದ ಆರಂಭಿಸಿ ಎರಡೆರಡು ವಾರಕ್ಕೊಮ್ಮೆ ಔಷಧಿ ಕೊಟ್ಟಿರಬೇಕು. ಹೊಟ್ಟೆ ಮಡಕೆಯಂತೆ ಉಬ್ಬಿ ಬೆನ್ನು ಸೊರಗಿದ್ದರೆ ಮರಿ ದಷ್ಟಪುಷ್ಟವಾಗಿದೆ ಎಂದು ಸಂತೋಷಪಡಬೇಡಿ, ಅದು ಹುಳುವಿನ ಹೊಟ್ಟೆ. ಈ ಹುಳುವಿನ ಮೊಟ್ಟೆ ಮಣ್ಣಿನಲ್ಲಿ ಸೇರಿ, ಮಣ್ಣಲ್ಲಿ ಆಡುವ ಮಕ್ಕಳ ಹೊಟ್ಟೆಗೆ ಹೋದರೆ ಕಣ್ಣಿಗೂ ತೊಂದರೆ ಕೊಡಬಹುದು. ಪಾರ್ವೋ, ಡಿಸ್ಟೆಂಪರ್ ರೋಗಗಳ ಮೊದಲ ಚುಚ್ಚುಮದ್ದು ಆರರಿಂದ ಎಂಟು ವಾರದೊಳಗೆ ಆಗಿರಬೇಕು. ಚೀಟಿಯಲ್ಲಿ ಪಶುವೈದ್ಯರ ಸಹಿ, ತಾರೀಖು, ಲಸಿಕೆಯ ಬಾಟಲಿಯಿಂದ ಕಿತ್ತು ಅಂಟಿಸಿದ ಚಿಕ್ಕ ಲೇಬಲ್ ಇರಬೇಕು. ‘ನಾನೇ ಹಾಕಿದ್ದೇನೆ’ ಎಂಬ ಮಾತು ಸಾಲದು. ಲಸಿಕೆಯನ್ನು ತಂಪಿನಲ್ಲಿ ಇಡದಿದ್ದರೆ ಅದು ಬರೀ ನೀರಿಗೆ ಸಮ.

ಕೆನಲ್ ಕ್ಲಬ್ಬಿನ ಕಾಗದ ಇದ್ದರೆ ತಂದೆತಾಯಿ ಯಾರು ಎಂಬುದು ಅದರಿಂದ ತಿಳಿಯುತ್ತದೆ. ಮರಿ ಆರೋಗ್ಯವಾಗಿದೆ ಎಂದು ಆ ಕಾಗದ ಹೇಳುವುದಿಲ್ಲ. ನಮ್ಮ ಹಳ್ಳಿಗಳ ಎಷ್ಟೋ ಒಳ್ಳೆಯ ನಾಯಿಗಳಿಗೆ ಕಾಗದವೇ ಇಲ್ಲ. ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಮೊದಲು ನೋಂದಾಯಿಸಿದ ನಾಯಿತಳಿಗಳು ರಾಜಪಾಳಯಂ, ಚಿಪ್ಪಿಪಾರೈ, ಮುಧೋಳ ಈ ಮೂರು, ಕೊಂಬೈ ಅದರಲ್ಲಿ ಇರಲಿಲ್ಲ. ಹಾಗೆಂದು ಕೊಂಬೈ ನಾಯಿ ಇಲ್ಲವೆಂದಾಗುತ್ತದೆಯೇ? ಕಾಗದವಿಲ್ಲದಿದ್ದರೂ ನಾಯಿಯ ಅಜ್ಜಿ ಯಾರ ಮನೆಯದು ಎಂದು ಬಾಯಲ್ಲೇ ಹೇಳಬಲ್ಲ ಯಜಮಾನರು ಬೆಟ್ಟದ ಬುಡದ ಊರುಗಳಲ್ಲಿ ಇನ್ನೂ ಇದ್ದಾರೆ.

ಅಂಥ ಒಬ್ಬರ ಮನೆಗೆ ನಾನು ಮೇಲೆ ಹೇಳಿದ ಕುಟುಂಬದ ತಂದೆಯ ಜೊತೆ ಹೋಗಿದ್ದೆ. ಮೂರನೆಯ ಮರಿಗಾಗಿ. ನಾವು ಪ್ರಶ್ನೆ ಕೇಳುವ ಮೊದಲೇ ಆ ಹಿರಿಯರು ನಮ್ಮನ್ನು ಜಗಲಿಯ ಮೇಲೆ ಕೂರಿಸಿ ಕೇಳತೊಡಗಿದರು.

“ಏನಪ್ಪಾ, ನಾಯಿ ಯಾತಕ್ಕೆ?”

“ತೋಟದ ಕಾವಲಿಗೆ, ಅಯ್ಯಾ.”

“ರಾತ್ರಿ ಬಿಡ್ತೀಯೋ, ಕಟ್ಟಿಯೇ ಇಡ್ತೀಯೋ?”

“ಹಗಲು ಕಟ್ಟಿ ರಾತ್ರಿ ಬಿಡೋಣ ಅಂತ.”

“ಹಗಲೆಲ್ಲ ಕಟ್ಟಿದ ನಾಯಿ ಹುಚ್ಚಾಗ್ತದೆ. ಬೇಲಿ ಉಂಟಾ? ಮನೇಲಿ ಎಷ್ಟು ಮಕ್ಕಳು? ಮೊದಲು ನಾಯಿ ಇತ್ತಾ, ಏನಾಯ್ತು?”

ಎರಡು ಮರಿ ಸತ್ತ ಕತೆಯನ್ನು ಇವರು ಅಳುಕುತ್ತಲೇ ಹೇಳಿದರು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಮರಿ ಕೊಡೋದಿಲ್ಲಪ್ಪ” ಎಂದುಬಿಟ್ಟರು. “ನಿನ್ನ ಅಂಗಳದಲ್ಲಿ ಆ ಕಾಯಿಲೆ ಇನ್ನೂ ಇರ್ತದೆ. ಇನ್ನು ಎರಡು ತಿಂಗಳು ಈ ಮರಿ ಇಲ್ಲೇ ಇರಲಿ. ಚುಚ್ಚುಮದ್ದು ಎಲ್ಲ ಮುಗಿದ ಮೇಲೆ ಬಂದು ತಗೊಂಡು ಹೋಗು. ಅದರ ಖರ್ಚು ಕೊಟ್ಟರೆ ಸಾಕು.”

ಒಳ್ಳೆಯ ಸಾಕುವವರ ಗುರುತು ಇದಕ್ಕಿಂತ ಬೇರೆ ಬೇಡ. ಮಾರುವ ಆತುರ ಇಲ್ಲದವರು, ನಿಮ್ಮನ್ನೇ ಪರೀಕ್ಷಿಸುವವರು, ಸಾಕಲಾಗದಿದ್ದರೆ ಬೀದಿಗೆ ಬಿಡದೆ ವಾಪಸು ತನ್ನಿ ಎನ್ನುವವರು. ಅವರ ಮನೆಯ ಹೆಣ್ಣುನಾಯಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕುವುದಿಲ್ಲ, ಮೊದಲ ಬೆದೆಗೇ ಅವರು ಕೂಡಿಸುವುದೂ ಇಲ್ಲ. ಮನೆಯಲ್ಲಿ ಒಂದೆರಡು ಹೆಣ್ಣುನಾಯಿ ಇರುತ್ತವೆ, ಆದ್ದರಿಂದ ಹೋದ ದಿನವೇ ಮರಿ ಸಿಗುವುದಿಲ್ಲ, ಕಾಯಬೇಕಾಗುತ್ತದೆ. ‘ಯಾವಾಗ ಬಂದರೂ ಮರಿ ಇರುತ್ತೆ, ಯಾವ ಜಾತಿ ಬೇಕು ಹೇಳಿ’ ಎನ್ನುವವನು ಅಂಗಡಿ ನಡೆಸುತ್ತಿದ್ದಾನೆ ಎಂದು ತಿಳಿಯಿರಿ. ಕಾವಲು ನಾಯಿಗೆ ಚೆಂದ ಕಾಣಲೆಂದು ಮರಿಗಳ ಕಿವಿ ಕತ್ತರಿಸುವ, ಬಾಲ ಮೊಟಕು ಮಾಡುವ ಮನೆಯಿಂದಲೂ ದೂರವಿರಿ. ಅದರಿಂದ ನಾಯಿಗೆ ನೋವಲ್ಲದೆ ಬೇರೇನೂ ಇಲ್ಲ.

ದಿಂಡಿಗಲ್, ತೇನಿ ಪಟ್ಟಣಗಳಲ್ಲಿ ಈಚೆಗೆ ಪರ್ಷಿಯನ್ ಬೆಕ್ಕಿನ ಮರಿಗಳನ್ನು ತರುವ ಮನೆಗಳೂ ಇವೆ. ಅದಕ್ಕೂ ಇದೇ ಮಾತು. ಆ ಬೆಕ್ಕುಗಳಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ರೋಗ ವಂಶದಲ್ಲಿ ಬರುತ್ತದೆ, ಮೂಗು ತೀರ ಚಪ್ಪಟೆಯಾಗಿದ್ದರೆ ನಮ್ಮ ಸೆಖೆಯಲ್ಲಿ ಉಸಿರಾಟಕ್ಕೇ ಕಷ್ಟ. ಏಲಕ್ಕಿ ಚೀಲದ ಇಲಿ ಹಿಡಿಯಲು ಊರ ಬೆಕ್ಕೇ ಸಾಕು ಎಂಬುದು ನನ್ನ ಅಭಿಪ್ರಾಯ.

ಬೆಲೆಯ ಬಗ್ಗೆ ಒಂದು ಮಾತು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಪ್ರಾಣಿಗಳ ವಿಷಯದಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೇ ಹೇಳುತ್ತದೆ. ಪ್ರಾಣಿಗಳಿಗೆ ಅನಾವಶ್ಯಕವಾಗಿ ನೋವು ಕೊಡುವುದು ಮನುಷ್ಯನ ಘನತೆಗೆ ತಕ್ಕುದಲ್ಲ ಎಂಬುದು ಒಂದು. ಬಡವರ ಕಷ್ಟ ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಸರಿಯಲ್ಲ ಎಂಬುದು ಇನ್ನೊಂದು. ಹೆಸರಿಗಾಗಿ, ನೆರೆಯವರಿಗೆ ತೋರಿಸಲಿಕ್ಕಾಗಿ ಸಾಲ ಮಾಡಿ ಮರಿ ತರುವವರು ಈ ಎರಡನೆಯ ಮಾತನ್ನು ನೆನೆಯಬೇಕು. ಅಗ್ಗಕ್ಕೆ ಸಿಕ್ಕಿತೆಂದು ಸಂತೆಯ ಬುಟ್ಟಿಯಿಂದ ತರುವವರು ಮೊದಲನೆಯದನ್ನು. ಏಕೆಂದರೆ ಆ ಬುಟ್ಟಿಯ ಹಿಂದೆ ಎಲ್ಲೋ ಒಂದು ಕಡೆ ಸರಪಳಿಯಲ್ಲಿ ಒಂದು ತಾಯಿ ಕಟ್ಟಿಸಿಕೊಂಡಿದೆ, ನಾವು ಕೊಟ್ಟ ಹಣ ಅದನ್ನು ಮತ್ತೆ ಬಸಿರು ಮಾಡುತ್ತದೆ. ಬುಟ್ಟಿಯ ಮರಿಯನ್ನು ಕಂಡು ಕನಿಕರದಿಂದ ಕೊಳ್ಳುವವರಿಗೂ ಇದನ್ನು ಹೇಳಬೇಕಾಗಿದೆ. ಸಂತ ರೋಖರ ಸ್ವರೂಪದ ಬಳಿ ರೊಟ್ಟಿ ಕಚ್ಚಿ ನಿಂತ ನಾಯಿಯನ್ನು ನಾವೆಲ್ಲ ನೋಡಿದ್ದೇವೆ, ತೊಬಿತನ ಗ್ರಂಥದಲ್ಲಿ ತೊಬಿಯನ ಪ್ರಯಾಣಕ್ಕೂ ನಾಯಿ ಜೊತೆಯಾಗಿದೆ. ಅಂಥ ಜೀವಕ್ಕೆ ನಮ್ಮ ಕನಿಕರ ಬುದ್ಧಿಯೊಡನೆ ಸಲ್ಲಬೇಕು.

ಮರಿ ಮನೆಗೆ ಬಂದ ಮೇಲೆ ಮೊದಲ ವಾರ ಅದು ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ, ಮೆಲ್ಲಗೆ ನಿಮ್ಮ ಮನೆಯ ಊಟಕ್ಕೆ ತಿರುಗಿಸಿ. ಪ್ರೀತಿಯಿಂದ ಬಟ್ಟಲು ತುಂಬ ಹಸುವಿನ ಹಾಲು ಹಾಕಿದರೆ ಭೇದಿ ಖಂಡಿತ. ಎರಡು ಮೂರು ದಿನದೊಳಗೆ ಪಶುವೈದ್ಯರಿಗೆ ಒಮ್ಮೆ ತೋರಿಸಿ. ಮೊದಲ ಚುಚ್ಚುಮದ್ದು ಆಯಿತಲ್ಲ ಎಂದು ಸುಮ್ಮನಿರಬಾರದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಯಾವ ದಿನ ಇಳಿಯುತ್ತದೆ ಎಂದು ಹೇಳಲಾಗದು. ಅದಕ್ಕಾಗಿಯೇ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಅಲ್ಲಿಯವರೆಗೆ ಮರಿಯನ್ನು ಬೇರೆ ನಾಯಿಗಳು ಓಡಾಡುವ ಜಾಗಕ್ಕೆ ಬಿಡಬೇಡಿ.

ಬೆಟ್ಟದ ಅಂಚಿನವರಿಗೆ ಇನ್ನೊಂದು ಕಾರಣವೂ ಇದೆ. ಮೇಘಮಲೆಯ ಕಾಡು ೨೦೨೧ರಿಂದ ಶ್ರೀವಿಲ್ಲಿಪುತ್ತೂರು ಮೇಘಮಲೆ ಹುಲಿ ಮೀಸಲು ಪ್ರದೇಶಕ್ಕೆ ಸೇರಿದೆ. ನಾಯಿಗಳ ಡಿಸ್ಟೆಂಪರ್ ರೋಗ ಕಾಡುಪ್ರಾಣಿಗಳಿಗೂ ಹರಡುತ್ತದೆ. ೨೦೧೮ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಈ ವೈರಾಣು ಕಂಡುಬಂದಿತ್ತು. ಕೊಂಬೈ ನಾಯಿಯ ಹಳೆಯ ಬೇಟೆಯ ಕೀರ್ತಿಯನ್ನು ಕೇಳಿ ಅದನ್ನು ಕಾಡಿಗೆ ಬಿಡಲು ಹೋಗಬೇಡಿ. ನಾಯಿ ಬಿಟ್ಟು ಹಂದಿ ಹಿಡಿಸುವುದು ೧೯೭೨ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಎಲ್ಲಕ್ಕಿಂತ ಮುಖ್ಯವಾದದ್ದು ಹುಚ್ಚುನಾಯಿ ರೋಗ, ರೇಬೀಸ್. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ಮತ್ತೊಂದು, ನಂತರ ವರ್ಷ ವರ್ಷವೂ ತಪ್ಪದೆ ಹಾಕಿಸಬೇಕು. ‘ಮರಿ ತಾನೇ, ಹಲ್ಲು ತಾಗಿದರೆ ಏನಾಗುತ್ತದೆ’ ಎನ್ನುವುದು ಬಹಳ ದೊಡ್ಡ ತಪ್ಪು. ಎರಡು ತಿಂಗಳ ಮರಿಗೂ ರೇಬೀಸ್ ಇರಬಹುದು, ಅದರ ಜೊಲ್ಲು ಗಾಯಕ್ಕೆ ತಗುಲಿದರೂ ಸಾಕು. ತಾಯಿನಾಯಿಗೆ ಲಸಿಕೆ ಆಗಿದೆಯೇ ಎಂದು ಮೊದಲೇ ಕೇಳಬೇಕೆಂದದ್ದು ಇದಕ್ಕೇ. ಸಂತೆಯಿಂದ ತಂದ, ಹಿಂದುಮುಂದು ಗೊತ್ತಿಲ್ಲದ ಮರಿ ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ಗಡಿಯಾರ ನೋಡಿಕೊಂಡು ತೊಳೆಯಿರಿ. ಅರಿಸಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ, ಬಟ್ಟೆ ಬಿಗಿಯಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆ ಅಲ್ಲಿ ಉಚಿತ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಇನ್ನೊಂದು ಮದ್ದನ್ನು ಹಾಕುತ್ತಾರೆ, ಅದನ್ನು ಬೇಡವೆನ್ನಬೇಡಿ. ಮೊದಲ ಸೂಜಿಯ ನಂತರ ನೋವಿಲ್ಲವೆಂದು ಉಳಿದವನ್ನು ಬಿಡುವವರೂ ಇದ್ದಾರೆ. ವೈದ್ಯರು ಬರೆದುಕೊಟ್ಟ ತಾರೀಖುಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಎಲ್ಲ ಸೂಜಿಗಳನ್ನೂ ಹಾಕಿಸಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಆ ಹಿರಿಯರ ಮನೆಯ ಮರಿ ಎರಡು ತಿಂಗಳ ನಂತರ ತೋಟಕ್ಕೆ ಬಂದಿತು. ಅದರ ಲಸಿಕೆ ಚೀಟಿಯನ್ನು ಮನೆಯೊಡತಿ ರೇಷನ್ ಕಾರ್ಡಿನ ಜೊತೆಗೇ ಇಟ್ಟಿದ್ದಾರೆ. ಮುಂದಿನ ಸೂಜಿ ಸಂತ ಅಂತೋಣಿಯವರ ಹಬ್ಬದ ವಾರದಲ್ಲಿ.